ಕೂಸಿನ ರೊಟ್ಟಿ

ಗೋಡೆಗೂ ಕಿವಿ ಇರುತ್ತದೆ ಎಂದು ನಮ್ಮ ಹಿರಿಯರು ಹೇಳಿಹೋಗಿದ್ದರು. ನೆಲಕ್ಕೂ ಇರುತ್ತದೆ ಎಂದು ಹೇಳುವಷ್ಟು ದೂರದೃಷ್ಟಿ ಪಾಪ ಅವರಿಗೂ ಇರಲಿಲ್ಲ. ಅದನ್ನು ಕಲಿಯುವುದು ಹುಬ್ಬಳ್ಳಿಯ ಜಿನ್ನಿಂಗ್ ಚಾಳದವರಾದ ನಮ್ಮ ಹಣೆಯಲ್ಲಿ ಬರೆದಿತ್ತು.

ಚಾಳ ಎಂದರೆ ಮೈಗೆ ಮೈ ಹಚ್ಚಿ ನಿಂತ ಹಂಚಿನ ಮನೆಗಳ ಸಾಲುಗಳು. ಎದುರಿಗೆ ಹತ್ತಿಯ ಬೀಜ ಬಿಡಿಸುವ ಗಿರಣಿ ಇತ್ತು. ನಮ್ಮ ಅಪ್ಪಂದಿರೆಲ್ಲ ಅದರಲ್ಲಿ ದುಡಿದರು, ಕೆಮ್ಮಿದರು, ಸತ್ತರು. ಗಿರಣಿ ಮುಚ್ಚಿದ ಮೇಲೆ ಆ ಜಾಗದಲ್ಲಿ ಜಾಲಿ ಬೆಳೆಯಿತು, ಹಂದಿಗಳು ಬೆಳೆದವು, ನಮ್ಮ ಹುಡುಗರು ಕ್ರಿಕೆಟ್ ಆಡುತ್ತ ಬೆಳೆದರು. ಒಂದು ದಿನ ಯಾರೋ ಬಂದು ಜಾಲಿ ಕಡಿದು ಬೋರ್ಡು ನಿಲ್ಲಿಸಿದರು. ರಾಷ್ಟ್ರೀಯ ಗ್ರಹಿಕಾ ಸಂಕುಲ ಎಂದು ಬರೆದಿತ್ತು. ಗುಪ್ತಚರರ ದೊಡ್ಡ ಕಚೇರಿ ಬರುತ್ತದೆಯಂತೆ ಎಂದು ಪತ್ರಿಕೆಯಲ್ಲಿ ಬಂತು. ಗುಪ್ತ ಎಂದ ಮೇಲೆ ಪತ್ರಿಕೆಯಲ್ಲಿ ಯಾಕೆ ಹಾಕಿದರು ಎಂದು ನಮ್ಮ ಚಾಳದ ಮೌಲಾಬಿ ಕೇಳಿದಳು. ಹಳೇ ಅಭ್ಯಾಸದಂತೆ ನಾವು ಅದನ್ನು ಗಿರಣಿ ಎಂದೇ ಕರೆದೆವು.

ಕಟ್ಟಡ ಏಳುವುದಕ್ಕೆ ವರ್ಷಗಳೇ ಹಿಡಿದವು. ಕ್ರೇನುಗಳು ನಮ್ಮ ಹಂಚಿನ ಮೇಲೆ ನೆರಳು ಬೀಸುತ್ತ ತಿರುಗಿದವು. ಸಿಮೆಂಟಿನ ಧೂಳು ಒಣಹಾಕಿದ ಮೆಣಸಿನಕಾಯಿಯ ಮೇಲೂ ಕೂತಿತು, ತೊಟ್ಟಿಲ ಕೂಸಿನ ಕಣ್ಣಿಗೂ ಬಿತ್ತು. ಪಾಯ ತೋಡುವಾಗ ಮನೆಮನೆಯ ಗೋಡೆಯ ಮಾಡದಿಂದ ಪಾತ್ರೆಗಳು ಉರುಳಿದವು. ಕಿಟಕಿಯೇ ಇಲ್ಲದ ಬೂದುಬಣ್ಣದ ಗೋಡೆಗಳು ನಮ್ಮ ಕಣ್ಣೆದುರೇ ಬೆಳೆದು, ಬೆಳಗಿನ ಬಿಸಿಲನ್ನು ಚಾಳಕ್ಕೆ ಬರದಂತೆ ತಡೆದವು. ಊರ ಹೊರಗೆ ಅಷ್ಟೊಂದು ಎರೆಭೂಮಿ ಬಿದ್ದಿರುವಾಗ ಇಷ್ಟು ದೊಡ್ಡದನ್ನು ಊರ ನಡುವೆ ಯಾಕೆ ಕಟ್ಟುತ್ತಿದ್ದಾರೆ ಎಂದು ಮೌಲಾಬಿಯ ನೆರೆಮನೆಯ ಶಂಕ್ರವ್ವನ ಮಗ ಫಕೀರೇಶ ಅಧಿಕಾರಿಗಳು ಕರೆದ ಸಭೆಯಲ್ಲಿ ಎದ್ದುನಿಂತು ಕೇಳಿದ. ಜಾಗ ಸರಕಾರದ್ದು ಎಂದರು. ಆ ಉತ್ತರ ಸುಳ್ಳಲ್ಲ, ಆದರೆ ಕೇಳಿದ್ದಕ್ಕೆ ಉತ್ತರವೂ ಅಲ್ಲ.

ಆಮೇಲೆ ನಮ್ಮ ಮೂಗಿಗೆ ತುಪ್ಪ ಸವರಿದರು. ಮನೆಮನೆಯ ಮುಂದೆ ಹೊಸ ಗಟಾರ, ಅದರ ಮೇಲೆ ಕಲ್ಲಿನ ಹಾಸು, ಮಳೆಗಾಲದಲ್ಲೂ ಕೆಸರಾಗದ ರಸ್ತೆ. ನಾವು ಬಾಯಿತುಂಬ ಹೊಗಳಿದೆವು. ರಸ್ತೆಗಾಗಿ ಮನೆಯ ಮುಂಭಾಗ ಕಳೆದುಕೊಂಡವರಿಗೆ ಮನೆಗೊಂದು ನೌಕರಿ ಎಂದಾಗ ಹೊಗಳಿಕೆ ಇನ್ನೂ ಜೋರಾಯಿತು. ಶಂಕ್ರವ್ವನ ಪಡಸಾಲೆ ಹೋಯಿತು, ಬದಲಿಗೆ ಅವಳ ಹಿರಿಮಗಳು ಕಸ್ತೂರಿಗೆ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಸೀರೆ ಅಂಗಡಿಯಲ್ಲಿ ಮಡಿಕೆ ಹಾಕುತ್ತಿದ್ದವಳು ಅವಳು. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದು ನಾವೆಲ್ಲ ಅಂದೆವು. ನಾನು ಚಾಳದ ತುದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವನು. ಕೆಲಸದ ಮೊದಲ ದಿನಕ್ಕೆ ಅವಳ ಕುಪ್ಪಸ ಹೊಲಿದುಕೊಟ್ಟವನು ನಾನೇ. ಗಿರಣಿಯ ಒಳಗಿನ ಸಂಗತಿಗಳನ್ನು ನನಗೆ ಎಲ್ಲ ಮುಗಿದ ಮೇಲೆ ಹೇಳಿದವಳು ಅವಳೇ.

ಒಳಗೆ ಅವಳನ್ನು ಕೂರಿಸಿದ್ದು ಒಂದು ಪರದೆಯ ಮುಂದೆ. ಶ್ರೀಧರಮೂರ್ತಿ ಎಂಬ ಮೇಲಧಿಕಾರಿ ಎಲ್ಲವನ್ನೂ ಬಿಡಿಸಿ ಹೇಳಿದ. ಮೈಸೂರು ಕಡೆಯವನು, ಮೆತ್ತಗೆ ಮಾತಾಡುವವನು, ಕೆಟ್ಟವನಲ್ಲ. ಗಟಾರದ ತಳದಲ್ಲಿ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಹಾಸಿದ್ದಾರೆ. ಅದರೊಳಗೆ ಬೆಳಕು ಹರಿಯುತ್ತದೆ. ಮೇಲೆ ಯಾರಾದರೂ ನಡೆದರೆ, ಕೊಡ ಇಟ್ಟರೆ, ಬಾಗಿಲು ಹಾಕಿದರೆ ನೆಲ ಒಂದಿಷ್ಟು ನಡುಗುತ್ತದೆ, ನೆಲದ ಜೊತೆ ಎಳೆ ನಡುಗುತ್ತದೆ, ಬೆಳಕು ಸ್ವಲ್ಪ ಅಳುಕುತ್ತದೆ. ಆ ಅಳುಕನ್ನು ಯಂತ್ರ ಓದುತ್ತದೆ. ಪ್ರತಿ ಮನುಷ್ಯನ ನಡಿಗೆಗೂ ಬೇರೆ ಬೇರೆ ಅಳುಕು. ಇಂಥ ಎಳೆಗಳು ಫೋನಿಗಾಗಿ ನಾಡಿನ ಎಲ್ಲ ಊರುಗಳ ನೆಲದಲ್ಲೂ ಆಗಲೇ ಹೂತಿವೆ. ಕೇಳುವುದನ್ನು ಯಂತ್ರಕ್ಕೆ ಕಲಿಸುವುದಷ್ಟೇ ಬಾಕಿ.

ಕಲಿಸುವುದು ಎಲ್ಲಿ? ಅಲ್ಲಿಗೆ ಫಕೀರೇಶನ ಪ್ರಶ್ನೆಗೆ ಉತ್ತರ ಬಂತು.

“ನೋಡಿ ಕಸ್ತೂರಿಯವರೇ, ಅಳೆಯೋಕೆ ಮೊದಲು ಒಂದು ಸೇರು ಬೇಕು,” ಎಂದ ಶ್ರೀಧರಮೂರ್ತಿ. “ನಿಮ್ಮ ಚಾಳವೇ ನಮ್ಮ ಸೇರು. ಇಲ್ಲಿ ನಡೆಯೋದೆಲ್ಲ ಸಾಮಾನ್ಯ ಅಂತ ಯಂತ್ರ ತಿಳ್ಕೊಳ್ಳುತ್ತೆ. ಬೇರೆ ಊರಲ್ಲಿ ಇದಕ್ಕಿಂತ ಹೆಚ್ಚುಕಡಿಮೆ ಕಂಡರೆ ಅದನ್ನ ನಾವು ಹೋಗಿ ನೋಡ್ತೀವಿ.”

ಊರ ಹೊರಗಿನ ಬಯಲಿನಲ್ಲಿ ಕಟ್ಟಿದ್ದರೆ ಯಂತ್ರ ಗಾಳಿಯನ್ನೂ ನರಿಯನ್ನೂ ಕೇಳಿಕೊಂಡು ಇರಬೇಕಾಗುತ್ತಿತ್ತು. ಅದಕ್ಕೆ ಜನ ಬೇಕಿತ್ತು. ನೀರಿಗೆ ಜಗಳವಾಡುವ, ಹೆರುವ, ಸಾಯುವ, ರೊಟ್ಟಿ ಬಡಿಯುವ ಜನ.

ಯಂತ್ರಕ್ಕೆ ನಡುಕ ಕೇಳಿಸುತ್ತಿತ್ತು, ಅದರ ಅರ್ಥ ತಿಳಿಯುತ್ತಿರಲಿಲ್ಲ. ನನ್ನ ಹೊಲಿಗೆ ಯಂತ್ರವನ್ನು ಅದು ನೀರೆತ್ತುವ ಪಂಪು ಎಂದುಕೊಂಡಿತ್ತಂತೆ. ಅರ್ಥ ಹೇಳಿಕೊಡುವುದೇ ಕಸ್ತೂರಿಯ ಕೆಲಸ. ಇದು ಒನಕೆ, ಇದು ಬಟ್ಟೆ ಒಗೆಯುವುದು, ಇದು ಕುಡಿದು ಬಂದವನು ಹೊಸ್ತಿಲು ಎಡವಿದ್ದು. ಯಂತ್ರವನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ದಿನವೂ ಬೆಳಿಗ್ಗೆ ಪ್ರತಿ ಮನೆಯಿಂದ ಬರುತ್ತಿದ್ದ ಒಂದು ಬಡಿತ. ಕಸ್ತೂರಿಗೆ ನಗು ಬಂತು. ಜೋಳದ ಹಿಟ್ಟಿನ ಉಂಡಿಯನ್ನು ಕಲ್ಲಿನ ಮೇಲಿಟ್ಟು ಅಂಗೈಯಿಂದ ತಟ್ಟಿ ತಟ್ಟಿ ಅಗಲ ಮಾಡುವ ಸದ್ದು ಅದು. ಮೊದಲು ಗಟ್ಟಿಯಾಗಿ, ರೊಟ್ಟಿ ಅಗಲವಾದಂತೆಲ್ಲ ಹಗುರವಾಗಿ. ಯಾವ ಮನೆಯಲ್ಲಿ ಯಾರು ಬಡಿಯುತ್ತಿದ್ದಾರೆ ಎಂದು ನಮ್ಮ ಚಾಳದ ಯಾವ ಹುಡುಗಿಯಾದರೂ ಕಣ್ಣುಮುಚ್ಚಿ ಹೇಳಬಲ್ಲಳು. ಕಸ್ತೂರಿ ಯಂತ್ರಕ್ಕೆ ಅದನ್ನು ಹೇಳಿಕೊಟ್ಟಳು. ಬಡಿದ ರೊಟ್ಟಿ ಎಣಿಸಿದರೆ ಮನೆಯಲ್ಲಿ ಉಣ್ಣುವವರು ಎಷ್ಟು ಎಂಬುದು ಯಂತ್ರಕ್ಕೆ ತಾನೇ ಹೊಳೆಯಿತು. ಶಂಕ್ರವ್ವನಿಗೆ ಎರಡು, ಕಸ್ತೂರಿಗೆ ಎರಡು, ಆಗ ಮನೆಯಲ್ಲಿದ್ದ ಫಕೀರೇಶನಿಗೆ ಮೂರು.

ಒಂದು ದಿನ ಯಂತ್ರ ಮತ್ತೊಂದು ಬಡಿತ ತೋರಿಸಿ ಇದೇನು ಎಂದು ಕೇಳಿತು. ಎಲ್ಲ ರೊಟ್ಟಿ ಮುಗಿದ ಮೇಲೆ ಕಿರಿಬೆರಳಿನ ಕಡೆಯಿಂದ ಎಂಬಂತೆ ಕೆಲವೇ ಸಣ್ಣ ತಟ್ಟುಗಳು. ಕೆಲವು ಮನೆಗಳಲ್ಲಿ ಇತ್ತು, ಕೆಲವಲ್ಲಿ ಇರಲಿಲ್ಲ. ಕಸ್ತೂರಿಗೆ ತಿಳಿಯದ್ದೇನಲ್ಲ. ಹಿಟ್ಟು ನಾದುವ ಪರಾತಕ್ಕೆ ಅಂಟಿದ ಕೊನೆಯ ಹಿಟ್ಟನ್ನು ಕೆರೆದು, ಒಲೆಯ ಪಕ್ಕ ಕಾದು ಕೂತ ಮಗುವಿಗಾಗಿ ತಾಯಂದಿರು ಅಂಗೈಯಗಲದ ಪುಟ್ಟ ರೊಟ್ಟಿ ಬಡಿಯುತ್ತಾರೆ. ಚಾಳದಲ್ಲಿ ಅದಕ್ಕೆ ಕೂಸಿನ ರೊಟ್ಟಿ ಎನ್ನುತ್ತೇವೆ. ಈ ಬಡಿತ ಕೇಳಿದರೆ ಮನೆಯಲ್ಲಿ ಮಗುವಿದೆ ಎಂದು ಅರ್ಥ, ಎಂದು ಅವಳು ಬರೆದಳು. ಶ್ರೀಧರಮೂರ್ತಿ ಬಹಳ ಮೆಚ್ಚಿದ. ಆ ಸಂಜೆ ಅವಳು ಮನೆಗೆ ಮಿಠಾಯಿ ತಂದಿದ್ದಳು. ಅದರಲ್ಲಿ ನನ್ನ ಪಾಲನ್ನೂ ನಾನು ತಿಂದಿದ್ದೇನೆ.

ಮಿಠಾಯಿ ತಿನ್ನದವನು ಫಕೀರೇಶ ಒಬ್ಬನೇ. ಅಕ್ಕನ ಬಾಯಿಂದ ಅಲ್ಲೊಂದು ಇಲ್ಲೊಂದು ಮಾತು ಕೇಳಿ ಅವನು ಎಲ್ಲವನ್ನೂ ಜೋಡಿಸಿಕೊಂಡಿದ್ದ. ಒಂದು ಮಧ್ಯಾಹ್ನ ಹಾರೆ ತೆಗೆದುಕೊಂಡು ಗಟಾರದ ಕಲ್ಲು ಎಬ್ಬಿಸಿ, ತಳ ಒಡೆದು, ಕರಿ ಕವಚದ ಎಳೆಯನ್ನು ಹಾವು ಎಳೆದಂತೆ ಹೊರಗೆಳೆದು ರಸ್ತೆಯ ಮೇಲೆ ಹಾಕಿದ. ಎಲ್ಲರೂ ಬಂದು ನೋಡಿ ಎಂದು ಕೂಗಿದ. ನಾವು ಬಂದೆವು, ನೋಡಿದೆವು, ಒಬ್ಬೊಬ್ಬರೇ ಮನೆಗೆ ಹೋಗಿ ಬಾಗಿಲು ಹಾಕಿಕೊಂಡೆವು. ದೇಶದ ಭದ್ರತೆಗೆ ಧಕ್ಕೆ ಎಂಬ ಮೊಕದ್ದಮೆ ಬಿತ್ತು. ಹಿಡಿಯಲು ಬರುವಷ್ಟರಲ್ಲಿ ಅವನು ಊರು ಬಿಟ್ಟಿದ್ದ. ಎಳೆಯನ್ನು ಮತ್ತೆ ಹೂತರು, ಈ ಸಲ ಇನ್ನೂ ಆಳಕ್ಕೆ.

ಕಸ್ತೂರಿ ಕೆಲಸ ಬಿಡಲಿಲ್ಲ. ಬಿಟ್ಟರೆ ಸಂಶಯ ಬರುತ್ತದೆ ಎಂದಳು. ಅದು ನಿಜ. ಸಂಬಳವೂ ನಿಜ. ಶಂಕ್ರವ್ವ ಮಗನ ಹೆಸರೆತ್ತುತ್ತಿರಲಿಲ್ಲ. ಮೂರು ರೊಟ್ಟಿ ಕಡಿಮೆ ಬಡಿಯುತ್ತಿದ್ದಳು, ಅಷ್ಟೇ. ಅವನ ನಡಿಗೆಯ ಅಳುಕು ಯಂತ್ರದ ಹತ್ತಿರ ಇತ್ತು. ಅವನು ಚಾಳಕ್ಕೆ ಕಾಲಿಟ್ಟರೆ ಮೊದಲು ತಿಳಿಯುವುದು ಅದಕ್ಕೇ ಎಂದು ತಾಯಿಗೂ ಮಗಳಿಗೂ ಗೊತ್ತಿತ್ತು.

ಹೀಗೆ ಎರಡು ವರ್ಷ ಕಳೆದು ಶ್ರಾವಣ ಬಂತು. ನಾಗರ ಪಂಚಮಿಯ ಹಿಂದಿನ ದಿನ ನಮ್ಮ ಕಡೆ ರೊಟ್ಟಿ ಹಬ್ಬ. ಜೋಳದ್ದು, ಸಜ್ಜೆಯದು, ಎಳ್ಳು ಹಚ್ಚಿದ್ದು ಎಂದು ಮನೆಮನೆಯಲ್ಲಿ ಬುಟ್ಟಿಗಟ್ಟಲೆ ರೊಟ್ಟಿ ಬಡಿದು, ಖಡಕ್ಕಾಗಿ ಬೇಯಿಸಿ, ಕಾಳುಪಲ್ಯ ಚಟ್ನಿಪುಡಿ ಇಟ್ಟು ಮನೆಯಿಂದ ಮನೆಗೆ ಹಂಚುತ್ತೇವೆ. ಶಂಕ್ರವ್ವನ ರೊಟ್ಟಿ ಮೌಲಾಬಿಯ ಮನೆಗೆ, ಮೌಲಾಬಿಯದು ಶಂಕ್ರವ್ವನ ಮನೆಗೆ. ಜಾತಿ ಧರ್ಮ ಎಲ್ಲ ಆ ದಿನ ಬುಟ್ಟಿಯ ಕೆಳಗೆ. ಬೆಳಕು ಹರಿಯುವ ಮೊದಲೇ ಇಡೀ ಚಾಳ ಬಡಿಯಲು ಶುರುಮಾಡುತ್ತದೆ. ಆ ಒಂದು ದಿನ ಯಂತ್ರ ಹಬ್ಬ ಎಂದು ಬರೆದುಕೊಂಡು ಸುಮ್ಮನಾಗುತ್ತಿತ್ತು.

ಆ ಬೆಳಿಗ್ಗೆ ಒಬ್ಬ ಹಮಾಲ ಬೆನ್ನ ಮೇಲೆ ಜೋಳದ ಚೀಲ ಹೊತ್ತುಕೊಂಡು ಚಾಳದೊಳಗೆ ಬಂದ. ಭಾರ ಹೊತ್ತವನ ಹೆಜ್ಜೆ ಬೇರೆ ಬೀಳುತ್ತದೆ. ಮೇಲೆ ಅಷ್ಟೊಂದು ಬಡಿತದ ಗದ್ದಲ. ಶಂಕ್ರವ್ವನ ಬಾಗಿಲಲ್ಲಿ ಚೀಲ ಇಳಿಸಿ ಒಳಗೆ ಹೋದವನು ಹೊರಗೆ ಬರಲಿಲ್ಲ.

ಕೆಲಸ ಮುಗಿಸಿ ಬಂದ ಕಸ್ತೂರಿ ಹೊರಸಿನ ಮೇಲೆ ಮಲಗಿದ್ದ ತಮ್ಮನನ್ನು ಕಂಡಳು. ಮೈ ಕೆಂಡದಂತೆ ಸುಡುತ್ತಿತ್ತು. ಅವ್ವನ ಮುಖ ನೋಡಿ ಹಾಗೇ ಹೊರಡುತ್ತೇನೆ ಎಂದು ಬಂದವನಂತೆ, ಜ್ವರ ಬಿಡಲಿಲ್ಲ. ಶಂಕ್ರವ್ವ ಗಟ್ಟಿಯಾಗಿ ಹೇಳಿದಳು, ಜ್ವರ ಇಳಿಯುವವರೆಗೂ ಅವನು ಎಲ್ಲಿಗೂ ಹೋಗುವುದಿಲ್ಲ. ಕಸ್ತೂರಿ ವಾದ ಮಾಡಲಿಲ್ಲ. ಬಾಗಿ ತಮ್ಮನ ಕಿವಿಯಲ್ಲಿ ಹೇಳಿದಳು.

“ನೆಲಕ್ಕ ಕಾಲ ಇಡಬ್ಯಾಡ ತಮ್ಮಾ. ಎಲ್ಲಾ ಹೊರಸಿನ ಮ್ಯಾಲ. ಕೆಮ್ಮು ಬಂದ್ರ ದಿಂಬು ಕಚ್ಚು.”

ಅವ್ವನಿಗೂ ಹೇಳಿದಳು. ದಿನದಂತೆ ನಾಲ್ಕೇ ರೊಟ್ಟಿ ಬಡಿಯಬೇಕು, ಅವನಿಗೆ ಹಬ್ಬದ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡಬೇಕು. ಹೊರಸಿನ ಕಾಲುಗಳ ಕೆಳಗೆ ಕೌದಿಯ ತುಂಡು ಮಡಿಸಿ ಇಟ್ಟಳು. ತನಗೆ ನೆನಪಾದದ್ದನ್ನೆಲ್ಲ ಮಾಡಿದಳು. ಯಂತ್ರಕ್ಕೆ ಅವಳು ಹೇಳಿಕೊಟ್ಟಿದ್ದು ಸಾವಿರಾರು ಸಂಗತಿ, ಅದರಲ್ಲಿ ಒಂದು ಮಾತ್ರ ನೆನಪಾಗಲಿಲ್ಲ. ತಮ್ಮನಿಗೆ ಮೂವತ್ತು ದಾಟಿತ್ತು, ಅವನ ವಿಷಯದಲ್ಲಿ ಅದು ನೆನಪಾಗುವುದಾದರೂ ಹೇಗೆ?

ಹಬ್ಬ ಕಳೆದು ಚಾಳ ಎಂದಿನ ಸದ್ದಿಗೆ ಮರಳಿತು. ರೊಟ್ಟಿಯ ಖಾಲಿ ಬುಟ್ಟಿ ಕೊಡಲು ಬಂದ ಮೌಲಾಬಿ ಹೊರಸಿನ ಮೇಲಿನ ಕಾಲುಗಳನ್ನು ಕಂಡಳು, ಏನೂ ಕೇಳದೆ ತಿರುಗಿ ಹೋದಳು. ಮರುದಿನ ಬೆಳಿಗ್ಗೆ ಕಸ್ತೂರಿ ಗಿರಣಿಗೆ ಹೋಗಿದ್ದಳು. ಶಂಕ್ರವ್ವ ನಾಲ್ಕು ರೊಟ್ಟಿ ಬಡಿದು ಕೈ ತೊಳೆಯಬೇಕೆಂದಿದ್ದಳು. ಜ್ವರ ಇಳಿದು ಹಸಿವಾಗಿತ್ತೇನೋ, ಮಗ ಹೊರಸಿನಿಂದ ಒಲೆಯ ಕಡೆ ಹೊರಳಿ, ಚಿಕ್ಕವನಿದ್ದಾಗ ನೋಡುತ್ತಿದ್ದ ಹಾಗೆ ಅವಳ ಕೈಯನ್ನೇ ನೋಡುತ್ತ ಮಲಗಿದ್ದ. ಪರಾತಕ್ಕೆ ಒಂದಿಷ್ಟು ಹಿಟ್ಟು ಅಂಟಿತ್ತು. ಶಂಕ್ರವ್ವ ಅದನ್ನು ಕೆರೆದಳು. ಇದನ್ನು ಮಾಡುತ್ತಿದ್ದೇನೆ ಎಂದು ಅವಳಿಗೆ ಅನ್ನಿಸಿಯೂ ಇರಲಿಕ್ಕಿಲ್ಲ. ಕೈ ತಾನಾಗಿ ಉಂಡಿ ಮಾಡಿತು, ತಾನಾಗಿ ತಟ್ಟಿತು. ಬಿಸಿ ಬಿಸಿ ಪುಟ್ಟ ರೊಟ್ಟಿಗೆ ಬೆಣ್ಣೆ ಸವರಿ ಮಗನ ಕೈಗೆ ಕೊಟ್ಟಳು. ಅವನು ಎರಡೇ ತುತ್ತಿಗೆ ತಿಂದ.

ನೌಕರರ ಸ್ವಂತ ಮನೆ ಅವರ ಪರದೆಗೆ ಬರುವುದಿಲ್ಲ, ಅದು ಗಿರಣಿಯ ನಿಯಮ. ಬಂದಿದ್ದರೆ ಕಸ್ತೂರಿ ಹೇಗಾದರೂ ಒರೆಸಿಹಾಕುತ್ತಿದ್ದಳು. ಬೇರೆ ಯಾರದೋ ಪರದೆಯಲ್ಲಿ ಯಂತ್ರ ಬರೆಯಿತು, ಈ ಮನೆಯಲ್ಲಿ ಮಗುವಿದೆ, ದಾಖಲೆಯಲ್ಲಿ ಮಗುವಿಲ್ಲ. ಕದ್ದ ಮಗುವಿರಬಹುದು ಎಂದು ಗಿರಣಿಯವರು ಎಣಿಸಿದರು. ಅವರು ಕಳಿಸಿದ ಇಬ್ಬರು ಹೆಂಗಸರು ಬಂದು ಬಾಗಿಲು ಬಡಿದು, ಮನೆಯಲ್ಲಿ ಯಾರ ಕೂಸಿದೆ ಎಂದು ಕೇಳಿದರು. ಯಾವ ಕೂಸೂ ಇಲ್ಲ ಎಂದು ಶಂಕ್ರವ್ವ ಹೇಳಿದಳು. ಅವಳ ಮಟ್ಟಿಗೆ ಅದು ಸತ್ಯ, ಅದಕ್ಕೇ ಬಾಗಿಲಿಗೆ ಅಡ್ಡ ನಿಲ್ಲುವ ಬುದ್ಧಿ ಬರುವುದು ತಡವಾಯಿತು. ಅವರು ಒಳಗೆ ಇಣುಕಿದರು. ಆಮೇಲೆ ಬಂದ ವ್ಯಾನಿಗೆ ಫಕೀರೇಶನನ್ನು ಹತ್ತಿಸುವುದನ್ನು ನಾವೆಲ್ಲ ನಿಂತು ನೋಡಿದೆವು. ಈ ಸಲವೂ ಬರೀ ನೋಡಿದೆವು.

ಗಿರಣಿಯಲ್ಲಿ ಶ್ರೀಧರಮೂರ್ತಿ ಕಸ್ತೂರಿಯನ್ನು ಕೋಣೆಗೆ ಕರೆದು ಬಾಗಿಲು ಹಾಕಿದ. ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು. ತಮ್ಮ ಮನೆಯಲ್ಲಿದ್ದದ್ದು ನಿಮಗೆ ಗೊತ್ತಿರಲಿಲ್ಲ ಎಂದು ಬರೆದುಕೊಂಡಿದ್ದೇನೆ, ನೀವೂ ಹಾಗೇ ಹೇಳಿ ಎಂದ. ಇಂಥ ಗುರುತು ಕಲಿಸಿದವರನ್ನು ಕಳೆದುಕೊಳ್ಳುವುದಕ್ಕೆ ಗಿರಣಿಗೆ ಮನಸ್ಸಿಲ್ಲ ಎಂದ. ಯಾವ ಗುರುತು ಎಂದು ಅವಳು ಕೇಳಿದಳು. ಅವನು ಪರದೆ ತಿರುಗಿಸಿ ತೋರಿಸಿದ. ಸಣ್ಣ ತಟ್ಟುಗಳು. ಪಕ್ಕದಲ್ಲಿ ಅವಳೇ ಬರೆದ ಮಾತು.

ಅವನು ಇನ್ನೊಂದನ್ನೂ ತೋರಿಸಿದ, ಸಮಾಧಾನ ಆಗಲಿ ಎಂದೇ ಇರಬೇಕು. ಆ ಗುರುತು ಈಗ ಎಲ್ಲ ಊರುಗಳಿಗೂ ಹೋಗಿದೆ. ಬಾಗಲಕೋಟೆ, ವಿಜಯಪುರ, ಕಲಬುರಗಿ. ದಾಖಲೆಯಲ್ಲಿ ಮಗುವಿಲ್ಲದ ಮನೆಗಳಲ್ಲಿ ಸಣ್ಣ ತಟ್ಟುಗಳು ಕೇಳುತ್ತಿವೆ. ಹೋಗಿ ನೋಡಿದರೆ ಕೆಲವು ಕಡೆ ಬರೀ ಮೊಮ್ಮಕ್ಕಳು, ಕೆಲವು ಕಡೆ ತಲೆಮರೆಸಿಕೊಂಡ ದೊಡ್ಡವರು. ಮಗನನ್ನು ಬಚ್ಚಿಟ್ಟುಕೊಂಡ ತಾಯಿ ಎಲ್ಲ ಊರಿನಲ್ಲೂ ಇದೊಂದೇ ತಪ್ಪು ಮಾಡುತ್ತಿದ್ದಳು.

ಕಸ್ತೂರಿ ಮನೆಗೆ ಬಂದಾಗ ಶಂಕ್ರವ್ವ ಮೌಲಾಬಿಯ ಬಾಗಿಲಲ್ಲಿ ನಿಂತು ಮಣ್ಣು ತೂರುತ್ತಿದ್ದಳು. ನಿನ್ನ ಮನೆತನ ಹಾಳಾಗಲಿ, ನನ್ನ ಉಪ್ಪುಂಡು ನನ್ನ ಮಗನನ್ನು ಮಾರಿಕೊಂಡೆ ಎಂದು ಇಡೀ ಚಾಳ ಕೇಳುವಂತೆ ಶಪಿಸುತ್ತಿದ್ದಳು. ಮೌಲಾಬಿ ಹೊಸ್ತಿಲಲ್ಲಿ ಕೂತು, ಹೆಗಲಿಗೆ ಸೆರಗು ಹೊದ್ದು ಕೇಳಿಸಿಕೊಳ್ಳುತ್ತಿದ್ದಳು. ಅವಳ ತಲೆಗೂದಲ ತುಂಬ ಮಣ್ಣು. ಕಸ್ತೂರಿ ಅವ್ವನನ್ನು ಎಳೆದುಕೊಂಡು ಒಳಗೆ ಬಂದಳು.

“ಅವನ ಕಾಲು ನೆಲಕ್ಕ ಹತ್ತಿಲ್ಲ, ಬಾಯಿ ತೆರದಿಲ್ಲ,” ಎಂದಳು ಶಂಕ್ರವ್ವ. “ನೋಡಿದಾಕಿ ಆಕಿ ಒಬ್ಬಾಕಿನ. ಮತ್ತ ಯಾರು ಹೇಳಿದ್ರು?”

“ಮೌಲಾಬಿ ಚಿಗವ್ವ ಅಲ್ಲ ಯವ್ವಾ. ನೀ ಬಡದ ಕೂಸಿನ ರೊಟ್ಟಿ ಹೇಳಿತು.”

ಶಂಕ್ರವ್ವ ತನ್ನ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. “ಅಂದ್ರ ನನ್ನ ಮಗನ್ನ ಹಿಡಕೊಟ್ಟದ್ದು ನನ್ನ ಕೈಯೇನ?”

ಹೌದು ಎಂದುಬಿಟ್ಟಿದ್ದರೆ ಕಸ್ತೂರಿ ಉಳಿದುಕೊಳ್ಳುತ್ತಿದ್ದಳು. ಆ ಮುದುಕಿ ಆ ಭಾರ ಹೊತ್ತು ಸಾಯುತ್ತಿದ್ದಳು, ಅಷ್ಟೇ. ಕಸ್ತೂರಿಗೆ ಅದು ಆಗಲಿಲ್ಲ.

“ನಿನ್ನ ಕೈ ಅಲ್ಲ. ಆ ಸಪ್ಪಳಕ್ಕ ಅರ್ಥ ಬರದುಕೊಟ್ಟಾಕಿ ನಾನು.”

ಶಂಕ್ರವ್ವ ಎದ್ದು ಹೋಗಿ ಮೌಲಾಬಿಯ ತಲೆಯ ಮಣ್ಣು ಕೊಡವಿದಳು, ನೀರು ಕಾಯಿಸಿ ಅವಳ ತಲೆ ತೊಳೆದಳು. ಇಬ್ಬರೂ ಅತ್ತದ್ದು ನನ್ನ ಅಂಗಡಿಗೆ ಕೇಳಿಸಿತು. ಮಗಳ ಜೊತೆ ಮಾತ್ರ ಅವಳು ಆ ದಿನದಿಂದ ಮಾತಾಡಲಿಲ್ಲ.

ಗುರುತನ್ನು ಅಳಿಸುವ ಅಧಿಕಾರ ಕಸ್ತೂರಿಗೆ ಇರಲಿಲ್ಲ. ಬರೆಯುವವರು ಅವಳಂಥವರು, ಅಳಿಸುವವರು ಮೇಲಿನವರು. ಆದರೆ ಸೇರಿನ ಮಾತು ಅವಳಿಗೆ ನೆನಪಿತ್ತು. ಚಾಳದಲ್ಲಿ ಎಲ್ಲರೂ ಮಾಡುವುದು ಸಾಮಾನ್ಯ, ಸಾಮಾನ್ಯಕ್ಕೆ ಅರ್ಥವಿಲ್ಲ. ಮಗುವಿರಲಿ ಬಿಡಲಿ, ಚಾಳದ ಪ್ರತಿ ಮನೆಯಲ್ಲೂ ದಿನವೂ ಕೂಸಿನ ರೊಟ್ಟಿ ಬಡಿದರೆ ಆ ತಟ್ಟುಗಳಿಂದ ಯಂತ್ರಕ್ಕೆ ಏನೂ ತಿಳಿಯುವುದಿಲ್ಲ. ಇಲ್ಲಿ ಸೇರು ಬದಲಾದರೆ ಎಲ್ಲ ಊರಿನ ಲೆಕ್ಕವೂ ಬದಲಾಗುತ್ತದೆ.

ಅದಕ್ಕೆ ಅವಳು ಮನೆಮನೆಗೆ ಹೋಗಬೇಕಾಯಿತು. ಹೋಗಿ ಸುಮ್ಮನೆ ಕೇಳಿದರೆ ಸಾಲದು, ಯಾಕೆ ಎಂದು ಹೇಳಬೇಕು. ಪ್ರತಿ ಹೊಸ್ತಿಲಲ್ಲೂ ನಿಂತು ತಾನು ಮಾಡಿದ್ದನ್ನು ಮೊದಲಿನಿಂದ ಹೇಳಿದಳು. ಕೆಲವರು ಬಾಗಿಲು ಹಾಕಿದರು. ಒಬ್ಬಳು ಉಗುಳಿದಳು. ನಾನು ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡೆ, ನನ್ನ ಹೆಂಡತಿ ಮಾತ್ರ ಆಗಲಿ ಎಂದಳು. ಕೊನೆಗೆ ಮೌಲಾಬಿಯ ಮನೆ ಉಳಿಯಿತು.

“ನೀ ಹೇಳಿದ್ದಕ್ಕ ಬಡಿಯೂದಿಲ್ಲ ಯವ್ವಾ,” ಎಂದಳು ಮೌಲಾಬಿ. “ಶಂಕ್ರಕ್ಕನ ಹಿಟ್ಟು ನನ್ನ ಪರಾತಕ್ಕ ಎಷ್ಟೋ ಸಲ ಬಿದ್ದೈತಿ. ಅದಕ್ಕ ಬಡೀತೀನಿ.”

ಮರುದಿನ ಬೆಳಿಗ್ಗೆ ಗಿರಣಿಯ ಪರದೆಯ ಮೇಲೆ ಮಕ್ಕಳು ಹುಟ್ಟತೊಡಗಿದರು. ಮೊದಲು ಮೌಲಾಬಿಯ ಮನೆ, ಆಮೇಲೆ ಅದರಾಚೆಯದು. ಉಗುಳಿದವಳ ಮನೆಯಲ್ಲೂ ಮೂರನೆಯ ದಿನ ಒಂದು ಕೂಸು ಕಾಣಿಸಿಕೊಂಡಿತು. ಒಂಟಿ ಮುದುಕಿಯರ ಮನೆಯಲ್ಲಿ, ಮದುವೆಯಾಗದ ಅಣ್ಣತಮ್ಮಂದಿರ ಮನೆಯಲ್ಲಿ, ಎಲ್ಲ ಕಡೆ ಮಗು, ಮಗು, ಮಗು. ಮೊದಲು ತಪಾಸಣೆಗೆ ಬಂದರು. ಬಂದವರಿಗೆ ನಮ್ಮ ಹೆಂಗಸರು ಬೆಣ್ಣೆ ಸವರಿದ ಪುಟ್ಟ ರೊಟ್ಟಿ ಕೊಟ್ಟು ಕಳಿಸಿದರು. ಶ್ರೀಧರಮೂರ್ತಿ ತಲೆಯ ಮೇಲೆ ಕೈಹೊತ್ತು ಕಸ್ತೂರಿಯನ್ನು ಕೇಳಿದ. ಶ್ರಾವಣದ ಹರಕೆಯಿರಬೇಕು ಎಂದಳು ಅವಳು. ನಿಮ್ಮವರ ಹಬ್ಬ ಮುಗಿಯುವುದೇ ಇಲ್ಲವಲ್ಲ ಎಂದು ಅವನು ಗೊಣಗಿದ. ಶ್ರಾವಣ ಮುಗಿದರೂ ಬಡಿತ ಮುಗಿಯಲಿಲ್ಲ. ದಸರಾ ಹೊತ್ತಿಗೆ ಯಂತ್ರ ತಾನಾಗಿಯೇ ಆ ಗುರುತಿನ ಮುಂದೆ ಅರ್ಥವಿಲ್ಲ ಎಂದು ಬರೆದುಕೊಂಡಿತು. ಬೇರೆ ಊರುಗಳಲ್ಲಿ ಬಾಗಿಲು ಬಡಿಯುವುದು ನಿಂತಿತು. ಅಲ್ಲಿಯ ಯಾವ ತಾಯಿಗೂ ಇದು ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಫಕೀರೇಶ ಬರಲಿಲ್ಲ. ಎಲ್ಲಿಟ್ಟಿದ್ದಾರೆ ಎಂದು ಯಾರೂ ಹೇಳಲಿಲ್ಲ. ಅಂಥ ಹೆಸರಿನವರು ನಮ್ಮಲ್ಲಿಲ್ಲ ಎಂದು ಒಂದು ಕಚೇರಿ ಹೇಳಿತು, ಹಾಗೆ ಕೇಳುವುದೇ ತಪ್ಪು ಎಂದು ಇನ್ನೊಂದು ಹೇಳಿತು. ಶಂಕ್ರವ್ವ ದಿನವೂ ಬಡಿದ ಪುಟ್ಟ ರೊಟ್ಟಿಯನ್ನು ಖಡಕ್ಕಾಗಿ ಬೇಯಿಸಿ ಬುಟ್ಟಿಯಲ್ಲಿ ಜೋಡಿಸಿದಳು. ಒಂದು ಬುಟ್ಟಿ ತುಂಬಿ ಇನ್ನೊಂದು ತಂದಳು.

ಕಸ್ತೂರಿಗೆ ಒಂದೇ ಸಮಾಧಾನ ಉಳಿದಿತ್ತು. ಅವ್ವ ಮಾತಾಡದಿದ್ದರೂ ಊಟ ನಿಲ್ಲಿಸಿರಲಿಲ್ಲ. ಸಂಜೆ ಮನೆಗೆ ಬಂದರೆ ಒಲೆಯ ಪಕ್ಕ ಮುಚ್ಚಿಟ್ಟ ತಾಟಿನಲ್ಲಿ ಎರಡು ರೊಟ್ಟಿ, ಪಲ್ಯ ಇರುತ್ತಿತ್ತು. ಅದನ್ನು ಉಣ್ಣುವಾಗ ಅವಳು ದಿನವೂ ಅಂದುಕೊಳ್ಳುತ್ತಿದ್ದಳು, ಕೋಪ ಎಷ್ಟಿದ್ದರೂ ಕೈ ಮರೆತಿಲ್ಲ, ಇವತ್ತಲ್ಲ ನಾಳೆ ಬಾಯಿಯೂ ತೆರೆದೀತು.

ದೀಪಾವಳಿಯ ಹತ್ತಿರ ಒಂದು ಬೆಳಿಗ್ಗೆ ಯಂತ್ರ ಅವಳ ಪರದೆಗೆ ಮೌಲಾಬಿಯ ಮನೆಯನ್ನು ತಂದಿತು. ದಾಖಲೆಗಿಂತ ಒಬ್ಬರು ಹೆಚ್ಚು ವಾಸ, ಕೆಲವು ತಿಂಗಳಿಂದ. ಮೌಲಾಬಿ ಯಾರನ್ನು ಬಚ್ಚಿಟ್ಟುಕೊಂಡಿದ್ದಾಳೆ? ಕಸ್ತೂರಿ ಹಿಂದಿನ ದಿನಗಳ ಬಡಿತ ಎಳೆದು ಕೇಳಿದಳು. ಹೌದು, ಪ್ರತಿದಿನ ಎರಡು ರೊಟ್ಟಿ ಹೆಚ್ಚು. ಆದರೆ ಹೆಚ್ಚಿನ ಹೆಜ್ಜೆ ಒಂದೂ ಇಲ್ಲ. ಎರಡು ರೊಟ್ಟಿ ಹೆಚ್ಚಾದದ್ದು ಎಂದಿನಿಂದ ಎಂದು ನೋಡಿದಳು. ಶಂಕ್ರವ್ವ ಮೌಲಾಬಿಯ ತಲೆ ತೊಳೆದ ದಿನದ ಮರುದಿನದಿಂದ.

ಆಗ ಅವಳು ಮಾಡಬಾರದ್ದನ್ನು ಮಾಡಿದಳು. ಶ್ರೀಧರಮೂರ್ತಿ ಹೊರಗೆ ಹೋಗಿದ್ದಾಗ ಅವನ ಪರದೆಯಲ್ಲಿ ತನ್ನ ಸ್ವಂತ ಮನೆಯನ್ನು ತೆರೆದಳು. ಆ ಹೊತ್ತಿಗೆ ಸರಿಯಾಗಿ ಅವ್ವ ಬಡಿಯುತ್ತಿದ್ದಳು. ಆ ಅಂಗೈಯ ಭಾರ ಅವಳಿಗೆ ಗೊತ್ತಿತ್ತು. ಒಂದು ರೊಟ್ಟಿ ಗಟ್ಟಿಯಾಗಿ ಶುರುವಾಗಿ ಹಗುರವಾಗಿ ಮುಗಿಯಿತು. ಇನ್ನೊಂದು ಮುಗಿಯಿತು. ಆಮೇಲೆ ಕೆಲವೇ ಸಣ್ಣ ತಟ್ಟುಗಳು. ಕಸ್ತೂರಿ ತನ್ನ ಪಾಲಿನ ಎರಡಕ್ಕಾಗಿ ಕಾದಳು. ಪರಾತ ಎತ್ತಿಟ್ಟ ನಡುಕ ಬಂತು, ಒಲೆಯಿಂದ ರೊಟ್ಟಿಯ ಹಂಚು ಇಳಿಸಿದ ನಡುಕ ಬಂತು, ಹಿಂದಿನ ಬಾಗಿಲ ಕಡೆ ಹೋಗುವ ಮುದುಕಿಯ ಹೆಜ್ಜೆಗಳು ಬಂದವು. ನಡುಕದಲ್ಲಿ ಚಾಳದ ಒಬ್ಬೊಬ್ಬಳ ಕೈಯನ್ನೂ ಗುರುತಿಸಬಲ್ಲವಳು ಇಷ್ಟು ದಿನ ತಾನು ಉಂಡ ರೊಟ್ಟಿಯಲ್ಲಿ ಮೌಲಾಬಿಯ ಕೈಯನ್ನು ಗುರುತಿಸಿರಲಿಲ್ಲ.

ಮೌಲಾಬಿಯ ಮನೆಯ ಹೆಚ್ಚಿನ ಒಬ್ಬರ ಮುಂದೆ ಅವಳು, ನೆರೆಮನೆಗೆ ಊಟ, ಎಂದು ಬರೆದಳು. ಶ್ರೀಧರಮೂರ್ತಿಯ ಪರದೆಯಲ್ಲಿ ಶಂಕ್ರವ್ವನ ಮನೆಯ ರೊಟ್ಟಿಯ ಲೆಕ್ಕವನ್ನು ಯಂತ್ರ ಮುಗಿಸಿತ್ತು. ವಾಸ ಒಬ್ಬರು ಎಂದು ಬರೆದು, ಎಲ್ಲ ಲೆಕ್ಕದ ಕೊನೆಗೂ ಕೇಳುವಂತೆ ಸರಿಯೇ ಎಂದು ಕೇಳಿತ್ತು. ಕಸ್ತೂರಿ ಹೌದು ಎಂದು ಒತ್ತಿದಳು.